ಮಲೆ ಸೀಮೆಯ ಗ್ರಾಮಗಳ ಜನಸಂಖ್ಯೆಯೂ ಹುಟ್ಟುವಳಿಯೂ: ಗ್ರಾಮಲೆಕ್ಕ ಇಡುವ ಕ್ರಮ

1. ಪೀಠಿಕೆ

ಪೈರಿಗೆ ರೋಗ ತಗಲಿದರೆ ರೈತನು ಎಲೆಯನ್ನು ನೋಡಿ ತಿಳಿದುಕೊಳ್ಳುವನು. ದನಕ್ಕೆ ಕಾಯಿಲೆ ಬಂದರೆ ಅದು ಮೇವು ಬಿಟ್ಟುದನ್ನು ಕಂಡು ಅರಿಯುವನು. ಆದರೆ ಒಂದು ಊರಿಗೇ ಕ್ಷಯವು ತಗಲಿದಾಗ ಅದು ಕಣ್ಣಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ನಾಲ್ಕು ಮನೆಗಳಿಗೆ ತಾರಸಿ ಬಂದಿರುತ್ತದೆ, ಹಬ್ಬದ ದಿನ ಹೊಸ ಬಟ್ಟೆಗಳು ಕಾಣುತ್ತವೆ, ಕೈಯಲ್ಲಿ ರೊಕ್ಕವೂ ಓಡಾಡುತ್ತದೆ. ಅದೇ ಕಾಲಕ್ಕೆ ಹೊಲದ ಬದುಗಳು ಒಡೆದು, ಕೊಟ್ಟಿಗೆಗಳು ಬರಿದಾಗಿ, ನೇಗಿಲು ಹಿಡಿಯುವ ಕೈಗಳು ಊರಿನಲ್ಲಿ ಇಲ್ಲದಾಗಿರುತ್ತವೆ. ಇಂತಹ ಊರು ಏಳುತ್ತಿದೆಯೋ ಬೀಳುತ್ತಿದೆಯೋ ಎಂಬುದನ್ನು ನಿರ್ಧರಿಸುವುದಕ್ಕೆ ಲೆಕ್ಕವೊಂದೇ ಸಾಧನ.

ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹನೂರು, ಕೊಳ್ಳೇಗಾಲ ಮತ್ತು ಯಳಂದೂರು ಸೀಮೆಗಳ ಗ್ರಾಮಗಳಲ್ಲಿ ಜನಸಂಖ್ಯೆಯೂ ಹುಟ್ಟುವಳಿಯೂ ಹೇಗೆ ಬದಲಾಗುತ್ತಿವೆ, ಅವುಗಳ ಲೆಕ್ಕವನ್ನು ಊರಿನವರೇ ಇಟ್ಟುಕೊಳ್ಳುವ ಕ್ರಮವೇನು, ಆ ಲೆಕ್ಕದಿಂದ ಮಾಡತಕ್ಕ ಕೆಲಸವೇನು ಎಂಬುದನ್ನು ತಿಳಿಸುವುದೇ ಈ ಹಸ್ತಪತ್ರಿಕೆಯ ಉದ್ದೇಶ.

2. ಸೀಮೆಯ ಸ್ಥಿತಿ

ಈ ಸೀಮೆಯ ಭಾಗಗಳು ಬೇರೆ ಬೇರೆ ಆಡಳಿತಗಳ ಕೈಯಲ್ಲಿ ಬೆಳೆದುಬಂದವು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಆ ವರ್ಷ ಮೈಸೂರಿಗೆ ಬಂದಿತು. ಕೊಳ್ಳೇಗಾಲದೊಳಗಿದ್ದ ಹನೂರು ಇತ್ತೀಚೆಗೆ ಬೇರೆ ತಾಲ್ಲೂಕಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಏರ್ಪಟ್ಟಾಗ ಈ ಸೀಮೆಯೆಲ್ಲವೂ ಅದರೊಳಗೆ ಸೇರಿತು. ಹಳೆಯ ಕಾಗದಪತ್ರಗಳು ಬೇರೆ ಬೇರೆ ಕಡೆ ಹರಿದು ಹಂಚಿಹೋಗಿರುವುದಕ್ಕೆ ಇದೂ ಒಂದು ಕಾರಣ. ಇದರ ಪರಿಣಾಮವನ್ನು ಮುಂದೆ ಹೇಳಲಾಗುವುದು.

ಬಯಲಿನ ಊರುಗಳಲ್ಲಿ ಕೆರೆ ಬಾವಿಗಳ ಆಶ್ರಯವುಂಟು. ಬೆಟ್ಟದ ಊರುಗಳಾದ ಪೊನ್ನಾಚಿ, ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ ಮುಂತಾದವು ಕಾಡಿನ ನಡುವಣ ಖುಷ್ಕಿ ಊರುಗಳು. ಅಲ್ಲಿ ಮಳೆಯನ್ನು ನಂಬಿ ರಾಗಿ, ಸಾವೆ, ಹುರುಳಿ, ಅವರೆ, ಸಾಸಿವೆ, ಹರಳು ಬೆಳೆಯುವರು. ದೇವಸ್ಥಾನದ ಪೂಜಾಕೈಂಕರ್ಯವುಳ್ಳ ಬೇಡಗಂಪಣರೂ, ಕಾಡಿನ ಆದಿನಿವಾಸಿಗಳಾದ ಸೋಲಿಗರೂ ಈ ಬೆಟ್ಟಗಳ ಮುಖ್ಯ ನಿವಾಸಿಗಳು.

3. ಜನಸಂಖ್ಯೆ

2001ರ ಖಾನೇಷುಮಾರಿಯಲ್ಲಿ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆಯು 9,65,462 ಇತ್ತು. 2011ರಲ್ಲಿ ಅದು 10,20,791 ಆಯಿತು. ಎಂದರೆ ಹತ್ತು ವರ್ಷಗಳಲ್ಲಿ ನೂರಕ್ಕೆ 5.73ರಷ್ಟು ಮಾತ್ರ ಹೆಚ್ಚಿತು. ಅದೇ ಹತ್ತು ವರ್ಷಗಳಲ್ಲಿ ಕರ್ನಾಟಕದ ಒಟ್ಟು ಜನಸಂಖ್ಯೆಯು ನೂರಕ್ಕೆ 15.60ರಷ್ಟು ಬೆಳೆಯಿತು. ಸಂಸ್ಥಾನದ ಸರಾಸರಿಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಮಾತ್ರ ಈ ಜಿಲ್ಲೆ ಬೆಳೆದಿದೆ ಎಂಬುದನ್ನು ಗಮನಿಸಬೇಕು.

ಇದಕ್ಕೆ ಕಾರಣಗಳು ಎರಡು. ಮೊದಲನೆಯದು, ಮನೆಯೊಂದಕ್ಕೆ ಹುಟ್ಟುವ ಮಕ್ಕಳ ಸಂಖ್ಯೆ ಎಲ್ಲೆಡೆಯೂ ಕಡಿಮೆಯಾಗಿರುವುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ಕರ್ನಾಟಕದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ 1.7 ಮಕ್ಕಳು. ಎರಡನೆಯದು, ಹೊಟ್ಟೆಪಾಡಿಗಾಗಿ ಜನರು ಊರು ಬಿಟ್ಟುಹೋಗುವುದು. ಮೊದಲನೆಯ ಕಾರಣದಿಂದ ಊರಿನಲ್ಲಿ ಮಕ್ಕಳು ಕಡಿಮೆಯಾಗುವರು. ಎರಡನೆಯದರಿಂದ ದುಡಿಯುವ ವಯಸ್ಸಿನವರು ಕಡಿಮೆಯಾಗುವರು. ಎರಡೂ ಕೂಡಿದಲ್ಲಿ ಮುದುಕರ ಪಾಲು ಏರುವುದು. ಶಾಲೆಯಲ್ಲಿ ಹಾಜರಿ ಇಳಿದಾಗಲೂ, ಕಳೆ ಕೀಳುವುದಕ್ಕೆ ಆಳು ಸಿಕ್ಕದಾಗಲೂ ಯಜಮಾನರು ಇದೇ ಕಾರಣಗಳನ್ನು ನೆನೆಯಬೇಕು.

ಇಲ್ಲಿ ಒಂದು ಸೂಕ್ಷ್ಮವುಂಟು. 2011ರಲ್ಲಿ ಜನಗಣನೆಯು ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಮುಂದಿನ ಖಾನೇಷುಮಾರಿಗೆ 2027ರ ಮಾರ್ಚ್ 1 ಆಧಾರದಿನವೆಂದು 2025ರಲ್ಲಿ ಸರ್ಕಾರವು ಪ್ರಕಟಿಸಿದೆ. ನಮ್ಮ ಬೆಟ್ಟದ ಊರುಗಳಲ್ಲಿ ರಾಗಿಯ ಒಕ್ಕಣೆ ಮುಗಿದು, ಜನರು ಕೂಲಿಗೆ ಹೊರಟಿರುವ ಕಾಲವೇ ಇದು. ಎಣಿಕೆಯ ದಿನಗಳಲ್ಲೆಲ್ಲ ಹೊರಗಿರುವವನು ಆ ಹೊರ ಊರಿನ ಲೆಕ್ಕಕ್ಕೇ ಸೇರುವನು. ಆದುದರಿಂದ ಶ್ರಾವಣದಲ್ಲಿ ಊರಿನಲ್ಲಿ ಕಾಣುವ ತಲೆಗಳಿಗೂ ಸರ್ಕಾರದ ಪುಸ್ತಕದ ತಲೆಗಳಿಗೂ ವ್ಯತ್ಯಾಸ ಬರುವುದು ಸಹಜ. ಪಡಿತರ, ಶಾಲೆ, ನೀರು, ರಸ್ತೆಗಳ ಬೇಡಿಕೆಯನ್ನು ಮುಂದಿಡುವಾಗ ಈ ವ್ಯತ್ಯಾಸವನ್ನು ತೋರಿಸಿಕೊಡುವುದಕ್ಕೆ ಊರಿನದೇ ಆದ ಲೆಕ್ಕ ಬೇಕು.

4. ಹಿಡುವಳಿ

ಜನರು ಕಡಿಮೆಯಾದರೆ ಉಳಿದವರಿಗೆ ಭೂಮಿ ಹೆಚ್ಚಾಗಬೇಕಲ್ಲವೇ ಎಂದು ಕೆಲವರು ಕೇಳಬಹುದು. ಹಾಗೆ ಆಗಿಲ್ಲ. ಊರು ಬಿಟ್ಟುಹೋದವನೂ ತನ್ನ ಪಾಲನ್ನು ಬಿಟ್ಟಿರುವುದಿಲ್ಲ. ಕೃಷಿಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣವು 1970-71ರಲ್ಲಿ 3.20 ಹೆಕ್ಟೇರು, ಎಂದರೆ ಸುಮಾರು 7 ಎಕರೆ 36 ಗುಂಟೆ. 2015-16ರ ವೇಳೆಗೆ ಅದು 1.36 ಹೆಕ್ಟೇರಿಗೆ, ಎಂದರೆ ಸುಮಾರು 3 ಎಕರೆ 14 ಗುಂಟೆಗೆ ಇಳಿಯಿತು. ಎರಡು ತಲೆಮಾರುಗಳಲ್ಲಿ ಅರ್ಧಕ್ಕಿಂತಲೂ ಕಡಿಮೆಯಾಯಿತು. ಬೆಟ್ಟದ ಊರಿನಲ್ಲಿ ಸುತ್ತಲೂ ಕಾಡಿರುವುದರಿಂದ ಹೊಸ ಭೂಮಿ ಸಾಗುವಳಿಗೆ ಬರುವಂತಿಲ್ಲ. ಅಜ್ಜನ ಎಂಟು ಎಕರೆ ಇಬ್ಬರು ಮಕ್ಕಳಿಗೆ ನಾಲ್ಕು ನಾಲ್ಕಾಗಿ, ಅವರ ಮಕ್ಕಳಿಗೆ ಎರಡೆರಡಾಗಿ ಬರುವುದು. ಹೊಲ ಒಡೆದಾಗ ಬದು ಹೆಚ್ಚುವುದು, ದಾರಿ ಹೆಚ್ಚುವುದು, ವ್ಯಾಜ್ಯ ಹೆಚ್ಚುವುದು. ಹುಟ್ಟುವಳಿ ಮಾತ್ರ ಹೆಚ್ಚುವುದಿಲ್ಲ.

5. ಹುಟ್ಟುವಳಿಯ ಐದು ಮೂಲಗಳು

ಬೆಟ್ಟದ ಊರಿನ ಆದಾಯವು ಐದು ಮೂಲಗಳಿಂದ ಬರುವುದು: ಹೊಲ, ದನ, ಕಾಡು, ಕ್ಷೇತ್ರ ಮತ್ತು ಹೊರಗಿನ ಕೂಲಿ. ಹಿಂದೆ ಮೊದಲಿನ ಮೂರೇ ಪ್ರಧಾನವಾಗಿದ್ದವು. ಈಗ ಕೊನೆಯ ಎರಡು ಮುಂದೆ ಬಂದಿವೆ.

ದನ: ಆಲಂಬಾಡಿ, ಬರಗೂರು ಎಂಬ ಹೆಸರುವಾಸಿಯಾದ ತಳಿಗಳು ಈ ಮಲೆಗಳ ಅಂಚಿನವೇ. ಕಾಡಿನ ದೊಡ್ಡಿಗಳಲ್ಲಿ ದನ ಕೂಡಿ ಸಾಕುವುದು ಇಲ್ಲಿನ ಹಳೆಯ ಪದ್ಧತಿ. ಉಳುಮೆಗೆ ಯಂತ್ರ ಬಂದುದರಿಂದ ಎತ್ತಿನ ಬೇಡಿಕೆ ತಗ್ಗಿತು. ಲಂಟಾನ ಪೊದೆ ಹಬ್ಬಿ ಹುಲ್ಲು ಕಡಿಮೆಯಾಯಿತು. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವು ಘೋಷಿತವಾಯಿತು. 2025ರ ಜೂನ್ ತಿಂಗಳಲ್ಲಿ, ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷವಿಟ್ಟುದರಿಂದ ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತವು. ಆ ಬಳಿಕ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಬೇಕೆಂದು ಅರಣ್ಯಮಂತ್ರಿಗಳು ಅಧಿಕಾರಿಗಳಿಗೆ ಸೂಚಿಸಿದರು. ದನವನ್ನು ಕಳೆದುಕೊಂಡವನ ಸಂಕಟವು ನಿಜವಾದರೂ, ವಿಷವಿಟ್ಟುದರಿಂದ ಒಂದು ಹಸುವೂ ಮರಳಲಿಲ್ಲ. ಊರಿನವರೆಲ್ಲರ ಮೇವಿಗೇ ಆತಂಕ ಬಂದಿತು.

ದನದ ಆದಾಯವು ದೂರದ ದೇಶದ ಸಂಗತಿಗಳಿಂದಲೂ ಏರಿಳಿಯುವುದಕ್ಕೆ ನಮ್ಮ ಜಿಲ್ಲೆಯ ಗುಂಡ್ಲುಪೇಟೆ ಸೀಮೆಯೇ ನಿದರ್ಶನ. 1994ರಲ್ಲಿ ಬ್ರೆಜಿಲ್ ದೇಶದ ಕಾಫಿ ತೋಟಗಳಿಗೆ ಹಿಮ ಬಿದ್ದು ಕಾಫಿಯ ಬೆಲೆ ಏರಿತು. ನೆರೆಯ ಕಾಫಿ ತೋಟದವರು ಹೆಚ್ಚು ಗೊಬ್ಬರ ಕೊಳ್ಳತೊಡಗಿದರು. ಬಂಡೀಪುರದ ಅಂಚಿನ ಊರುಗಳಲ್ಲಿ ಸಗಣಿಯು ಮಾರಾಟದ ವಸ್ತುವಾಗಿ, ಸಗಣಿಗಾಗಿಯೇ ದನ ಸಾಕುವುದು ಹೆಚ್ಚಿತು. ಆದರೆ ಮಾರಿದ ಗೊಬ್ಬರವು ತನ್ನ ಹೊಲಕ್ಕೆ ಸೇರದೆ ಹೋದುದನ್ನು ಎಷ್ಟು ಮಂದಿ ಖರ್ಚಿನಲ್ಲಿ ಬರೆದರು?

ಕಾಡು: ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂವು ಮೊದಲಾದವು ಸೋಲಿಗರ ನಗದು ಆದಾಯದ ಆಧಾರವಾಗಿದ್ದವು. ವನ್ಯಜೀವಿ ಸಂರಕ್ಷಣಾ ಕಾನೂನಿಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಇವುಗಳನ್ನು ಸಂಗ್ರಹಿಸುವುದು ನಿಂತು, ಅನೇಕ ಪೋಡುಗಳ ವರಮಾನ ಕುಸಿದು, ಜನರು ಕೂಲಿಗೆ ಹೊರಟರು. 2006ರ ಅರಣ್ಯಹಕ್ಕು ಕಾನೂನಿನ ಮೇರೆಗೆ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಾಮೂಹಿಕ ಹಕ್ಕು ದೊರೆಯಿತು. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯಿಂದಲೇ ಕುರ್ಚಿ, ಬುಟ್ಟಿ, ಮೇಜು ಮಾಡುವ ಕಸಬನ್ನು ಕೆಲವರು ಕಲಿತಿರುವರು. ಹುಲ್ಲನ್ನು ನುಂಗಿದ ಗಿಡದಿಂದಲೇ ಅನ್ನ ತೆಗೆಯುವ ಈ ಯತ್ನವು ಶ್ಲಾಘ್ಯವಾದುದು.

ಕ್ಷೇತ್ರ: ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ಬರುವ ಭಕ್ತರಿಂದ ಅಂಗಡಿ, ವಾಹನ, ಕೂಲಿ ಕೆಲಸಗಳು ಬೆಳೆದಿವೆ. ಈ ಆದಾಯವು ರಸ್ತೆಯ ಬದಿಯ ಊರಿಗೆ ಹೆಚ್ಚಾಗಿಯೂ, ಒಳಗಾಡಿನ ಊರಿಗೆ ಅಲ್ಪವಾಗಿಯೂ ದೊರೆಯುವುದು.

6. ಹೊರಗಿನ ಕೂಲಿ: ಒಂದು ಲೆಕ್ಕ

ಕೊಡಗಿನ ಕಾಫಿ ತೋಟ, ತಿರುಪ್ಪೂರು ಕೊಯಮತ್ತೂರುಗಳ ಕಾರ್ಖಾನೆ, ಬೆಂಗಳೂರಿನ ಕಟ್ಟಡದ ಕೆಲಸ: ಇವು ಇಂದಿನ ಯುವಕರ ದಾರಿ. ಇದನ್ನು ಬರಿದೆ ಹಳಿಯುವುದರಿಂದಾಗಲಿ ಹೊಗಳುವುದರಿಂದಾಗಲಿ ಪ್ರಯೋಜನವಿಲ್ಲ. ಲೆಕ್ಕ ಹಾಕಿ ನೋಡೋಣ. ಕೆಳಗಿನ ಕೂಲಿ, ಖರ್ಚು, ಇಳುವರಿಗಳು ಉದಾಹರಣೆಗಾಗಿ ಕಲ್ಪಿಸಿದವು. ಪ್ರತಿಯೊಬ್ಬರೂ ತಮ್ಮ ಮನೆಯ ಅಂಕಿಗಳನ್ನು ಇಟ್ಟು ನೋಡಬೇಕು.

ಎರಡು ಎಕರೆಯ ಒಂದು ಮನೆ. ಎಕರೆಗೆ 5 ಕ್ವಿಂಟಾಲಿನಂತೆ 10 ಕ್ವಿಂಟಾಲು ರಾಗಿ. ಊಟಕ್ಕೆ 7, ಮಾರಾಟಕ್ಕೆ 3. 2025-26ರ ಬೆಂಬಲ ಬೆಲೆಯು ಕ್ವಿಂಟಾಲಿಗೆ 4,886 ರೂಪಾಯಿ. ಮೂರಕ್ಕೆ 14,658 ರೂಪಾಯಿ. ಮನೆಯ ಮಗನಿಗೆ ಹೊರಗೆ ತಿಂಗಳಿಗೆ 12,000 ರೂಪಾಯಿ ಕೂಲಿ; ಅಲ್ಲಿನ ಊಟ ಬಾಡಿಗೆಗೆ 6,000.

(ಅ) ಮಗನು ಜೂನ್‌ನಿಂದ ನವೆಂಬರ್‌ವರೆಗೆ ಆರು ತಿಂಗಳು ಹೋದರೆ ಕೂಲಿ 72,000; ಊಟ ಬಾಡಿಗೆ 36,000, ಪ್ರಯಾಣ ಮುಂತಾದುದಕ್ಕೆ 6,000 ಕಳೆದು 30,000 ಉಳಿಯುವುದು. ಆದರೆ ಬೇಸಾಯದ ಕಾಲದಲ್ಲಿ ಅವನಿಲ್ಲದುದರಿಂದ ಆಳಿಗೆ 9,000 ಕೊಡಬೇಕು. ಸಕಾಲಕ್ಕೆ ಕೆಲಸವಾಗದೆ 3 ಕ್ವಿಂಟಾಲು ಬೆಳೆ ತಗ್ಗಿದರೆ 14,658 ನಷ್ಟ. ನಿಜವಾದ ಲಾಭ 6,342 ರೂಪಾಯಿ ಮಾತ್ರ.

(ಆ) ಅವನೇ ಒಕ್ಕಣೆಯ ಬಳಿಕ ಜನವರಿಯಿಂದ ಮೇ ತಿಂಗಳವರೆಗೆ ಐದು ತಿಂಗಳು ಹೋದರೆ ಕೂಲಿ 60,000, ಖರ್ಚು 36,000. ಹೊಲಕ್ಕೆ ನಷ್ಟವಿಲ್ಲ. ಲಾಭ 24,000 ರೂಪಾಯಿ.

(ಇ) ವರ್ಷವೆಲ್ಲ ಹೊರಗಿದ್ದರೆ ಕೂಲಿ 1,44,000. ಊಟ ಬಾಡಿಗೆ 72,000, ಪ್ರಯಾಣ 12,000 ಕಳೆದು 60,000. ಆಳಿನ ಖರ್ಚೂ ಬೆಳೆಯ ನಷ್ಟವೂ ಕಳೆದು 36,342 ರೂಪಾಯಿ.

ಒಬ್ಬನೇ ಮಗನಿರುವ ಮನೆಗೆ ಮೂರನೆಯ ದಾರಿಯಲ್ಲಿ ರೊಕ್ಕ ಹೆಚ್ಚು. ಇದನ್ನು ಮುಚ್ಚಿಡುವುದು ಸರಿಯಲ್ಲ. ಹುಡುಗರು ಹಿಂದಿರುಗದಿರುವುದಕ್ಕೆ ಕಾರಣವೂ ಇದೇ. ಆದರೆ ಇಬ್ಬರು ಅಣ್ಣತಮ್ಮಂದಿರು ತಮ್ಮ ನಾಲ್ಕು ಎಕರೆಯನ್ನು ಒಟ್ಟಾಗಿ ಮಾಡಿದರೆ ಲೆಕ್ಕವೇ ಬದಲಾಗುವುದು. ಇಬ್ಬರೂ ವರ್ಷವೆಲ್ಲ ಹೊರಗಿದ್ದರೆ ಲಾಭವು 72,684. ಒಬ್ಬನು ವರ್ಷವೆಲ್ಲ ಹೊರಗಿದ್ದು, ಇನ್ನೊಬ್ಬನು ನಾಲ್ಕು ಎಕರೆಯನ್ನೂ ತಾನೇ ಬೇಸಾಯ ಮಾಡಿ, ಜನವರಿಯಿಂದ ಮೇವರೆಗೆ ಮಾತ್ರ ಕೂಲಿಗೆ ಹೋದರೆ 60,000ಕ್ಕೆ 24,000 ಕೂಡಿ 84,000 ರೂಪಾಯಿ. ಬೆಳೆಯೂ ಪೂರ್ಣವಾಗಿ ಕೈಸೇರುವುದು; ಎತ್ತೂ ಗೊಬ್ಬರವೂ ಉಳಿಯುವುವು; ತಂದೆತಾಯಿಗಳ ಬಳಿ ವರ್ಷಕ್ಕೆ ಏಳು ತಿಂಗಳಾದರೂ ಒಬ್ಬ ಮಗನಿರುವನು. ಹೊಲವನ್ನು ಹೊರಗಿನವರಿಗೆ ಗುತ್ತಿಗೆಗೆ ಕೊಡುವುದನ್ನು 1974ರಿಂದ ಭೂಸುಧಾರಣಾ ಕಾನೂನು ಬಹುಮಟ್ಟಿಗೆ ನಿಷೇಧಿಸಿರುವುದರಿಂದ, ಮನೆಯವರೇ ಕೂಡಿ ಉಳುವುದು ಕ್ಷೇಮಕರವಾದ ಮಾರ್ಗ.

7. ಮಂಡ್ಯ ಸೀಮೆಯ ಎರಡು ಊರುಗಳು

ಖುಷ್ಕಿ ಊರಿಗೆ ಹೊರಗಿನ ಆದಾಯವು ಅಪಮಾನವಲ್ಲವೆಂಬುದಕ್ಕೆ ಮಂಡ್ಯದ ಬಳಿಯ ನಿದರ್ಶನವೊಂದನ್ನು ಹೇಳಬಹುದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆಯು 1954ರಿಂದ 1956ರವರೆಗೆ ಅಲ್ಲಿನ ಎರಡು ಗ್ರಾಮಗಳಲ್ಲಿದ್ದು, ಮನೆಮನೆಯ ಆದಾಯ ವೆಚ್ಚಗಳನ್ನು ಬರೆದರು. 1970ರಲ್ಲಿ ಮರಳಿ ಬಂದು ಮತ್ತೆ ಪರೀಕ್ಷಿಸಿದರು. ನಿಜನಾಮಗಳನ್ನು ಮರೆಸಿ ಅವುಗಳಿಗೆ ವಂಗಲ, ದಲೇನ ಎಂದು ಹೆಸರಿಟ್ಟರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದು ಜನರು ಕಬ್ಬು ಬೆಳೆದು ಊರಿನಲ್ಲಿಯೇ ನೆಲೆಸಿದರು. ದಲೇನದ ಭೂಮಿ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ಅಲ್ಲಿನವರು ಮಂಡ್ಯದಲ್ಲಿ ಉದ್ಯೋಗ ಹಿಡಿದರು, ವ್ಯಾಪಾರಕ್ಕಿಳಿದರು, ನೆರೆಯೂರುಗಳಲ್ಲಿ ನೀರಾವರಿ ಜಮೀನು ಕೊಂಡರು. ನೀರಿಲ್ಲದ ಊರು ಹಾಳಾಗಲಿಲ್ಲ. ಸಂಪಾದಿಸಿದ ಹಣವನ್ನು ಮತ್ತೆ ಹುಟ್ಟುವಳಿಗೆ ಹಾಕಿದುದೇ ಅದರ ಬಲ. ಆದರೆ 1970ರ ಪರೀಕ್ಷೆಯಲ್ಲಿ ಇನ್ನೊಂದೂ ಕಂಡಿತು: ಊರಿನ ಒಟ್ಟು ಐಶ್ವರ್ಯ ಬೆಳೆದರೂ ಭೂಮಿಯಿಲ್ಲದ ಬಡವರ ಪಾಲು ಬೆಳೆಯಲಿಲ್ಲ. ಆದುದರಿಂದ ಸರಾಸರಿಯನ್ನು ಮಾತ್ರ ನೋಡಿ ತೃಪ್ತಿಪಡಕೂಡದು.

8. ಗ್ರಾಮಲೆಕ್ಕ ಇಡುವ ಕ್ರಮ

ಒಂದು ದಪ್ಪ ಪುಸ್ತಕ ಸಾಕು. ವರ್ಷಕ್ಕೆ ಎರಡು ಸಲ, ಮಾಘದಲ್ಲಿ ಒಮ್ಮೆ, ಶ್ರಾವಣದಲ್ಲಿ ಒಮ್ಮೆ ಬರೆಯತಕ್ಕದ್ದು. ಜಾತ್ರೆಯ ದಿನಗಳಲ್ಲಿ ನೆಂಟರಿಷ್ಟರು ತುಂಬಿರುವುದರಿಂದ ಆಗ ಎಣಿಸಬಾರದು. ಮನೆಯನ್ನು ಬಾಗಿಲಿನಿಂದ ಎಣಿಸದೆ ಒಲೆಯಿಂದ ಎಣಿಸಬೇಕು. ಒಂದು ಬಾಗಿಲಿನೊಳಗೆ ಎರಡು ಒಲೆಗಳಿದ್ದರೆ ಅವು ಎರಡು ಸಂಸಾರಗಳು. ಪ್ರತಿ ಒಲೆಗೂ ಈ ಸಂಗತಿಗಳನ್ನು ಬರೆಯಬೇಕು:

(1) ಮಕ್ಕಳು, ದುಡಿಯುವವರು, ಮುದುಕರು ಎಷ್ಟೆಷ್ಟು ಮಂದಿ.
(2) ಹೊರಗೆ ಹೋದವರು ಯಾರು, ಎಲ್ಲಿಗೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ.
(3) ಸ್ವಂತ ಭೂಮಿ ಎಷ್ಟು, ಬಿತ್ತಿದುದು ಎಷ್ಟು, ಬೀಳು ಬಿಟ್ಟುದು ಎಷ್ಟು.
(4) ಎತ್ತು, ಹಸು, ಆಡು ಕುರಿ. ಹೊಲಕ್ಕೆ ಹಾಕಿದ ಗೊಬ್ಬರ ಎಷ್ಟು ಗಾಡಿ, ಮಾರಿದುದು ಎಷ್ಟು.
(5) ಐದು ಮೂಲಗಳಿಂದ ಬಂದ ಆದಾಯ, ಬೇರೆ ಬೇರೆಯಾಗಿ.
(6) ಸಾಲ ಮತ್ತು ಅದರ ಬಡ್ಡಿ.
(7) ಕಾಡುಹಂದಿ, ಆನೆ, ಚಿರತೆ ಮುಂತಾದುವುಗಳಿಂದಾದ ನಷ್ಟ, ದಿನಾಂಕ ಸಹಿತ.

ಮೂರು ವರ್ಷ ಹೀಗೆ ಬರೆದರೆ ಊರಿನ ಸ್ಥಿತಿ ತಾನಾಗಿಯೇ ತೋರುವುದು. ಬೀಳು ಭೂಮಿ ವರ್ಷವರ್ಷಕ್ಕೆ ಹೆಚ್ಚುತ್ತಿದ್ದರೆ, ಹೊಲಕ್ಕೆ ಬೀಳುವ ಗೊಬ್ಬರ ತಗ್ಗುತ್ತಿದ್ದರೆ, ಆದಾಯ ಏರಿದರೂ ಸಾಲವು ಅದಕ್ಕಿಂತ ಬೇಗ ಏರುತ್ತಿದ್ದರೆ, ಊರು ಹಣದಲ್ಲಿ ಬೆಳೆದು ಬಲದಲ್ಲಿ ಕುಂದುತ್ತಿದೆಯೆಂದು ತಿಳಿಯಬೇಕು. ಒಬ್ಬರ ಮನೆಯ ಲೆಕ್ಕವನ್ನು ಇನ್ನೊಬ್ಬರಿಗೆ ತೋರಿಸಬಾರದು. ಊರಿನ ಮೊತ್ತವನ್ನು ಮಾತ್ರ ಸಭೆಯಲ್ಲಿ ಓದಬೇಕು. ಇಲ್ಲವಾದರೆ ಮುಂದಿನ ವರ್ಷ ಯಾರೂ ನಿಜ ಹೇಳುವುದಿಲ್ಲ.

9. ಮಾಡತಕ್ಕ ಕೆಲಸಗಳು

ಮೊದಲನೆಯದು, ಅಣ್ಣತಮ್ಮಂದಿರು ಪಾಲಾದರೂ ಮಣ್ಣನ್ನು ಒಡೆಯದೆ ಫಲವನ್ನು ಹಂಚಿಕೊಳ್ಳುವುದು ಲೇಸು. ಯಾರ ದುಡಿಮೆಗೆ ಎಷ್ಟು, ಭೂಮಿಯ ಪಾಲಿಗೆ ಎಷ್ಟು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಮನಸ್ತಾಪ ಹುಟ್ಟದು.

ಎರಡನೆಯದು, ಹೊರಗಿನಿಂದ ಬಂದ ಹಣದಲ್ಲಿ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಿ, ಬಳಿಕ ಬದು, ಕೃಷಿಹೊಂಡ, ಬದುವಿನ ಮೇಲೆ ಹುಣಸೆ ನೆಲ್ಲಿ ಹೊಂಗೆ ಮರಗಳು, ಇವುಗಳಿಗೆ ಒಂದು ಪಾಲನ್ನಾದರೂ ಹಾಕಬೇಕು. ಮದುವೆಗೆ ಮಾಡಿದ ಸಾಲವನ್ನು ಮಗನ ಕೂಲಿ ತೀರಿಸಬಹುದು. ಕೊಚ್ಚಿಹೋದ ಮೇಲ್ಮಣ್ಣನ್ನು ಯಾವ ಕೂಲಿಯೂ ತಂದುಕೊಡಲಾರದು.

ಮೂರನೆಯದು, ಕಾಡಿನ ಮೇವು ಇನ್ನು ಮುಂದೆ ನಂಬತಕ್ಕದ್ದಲ್ಲ. ದನಗಳ ಸಂಖ್ಯೆಯನ್ನು ಮಿತಗೊಳಿಸಿ, ಹೊಲದಂಚಿನಲ್ಲಿ ಅಗಸೆಯಂತಹ ಮೇವಿನ ಮರ ಬೆಳೆಸಿ, ರಾಗಿಹುಲ್ಲನ್ನು ಕೂಡಿಟ್ಟು, ಕೊಟ್ಟಿಗೆಯಲ್ಲಿ ಸಾಕುವುದನ್ನು ರೂಢಿಸಬೇಕು. ಸ್ವಂತ ಹೊಲಕ್ಕೆ ಸಾಕಾದ ಮೇಲಲ್ಲದೆ ಗೊಬ್ಬರವನ್ನು ಮಾರಬಾರದು.

ನಾಲ್ಕನೆಯದು, ಗಂಡಸರು ಹೊರಗಿರುವ ಮನೆಗಳಲ್ಲಿ ಬೇಸಾಯದ ಯಜಮಾನಿಕೆಯು ಹೆಂಗಸರದೇ ಆಗಿದೆ. ಬಿತ್ತನೆಬೀಜ, ಸಾಲ, ಪರಿಹಾರಗಳ ಮಾತು ನಡೆಯುವ ಸಭೆಗೆ ಅವರನ್ನು ಕರೆಯದಿರುವುದು, ಉಳುವವನನ್ನು ಬಿಟ್ಟು ಉಳುಮೆಯ ಮಾತಾಡಿದಂತೆ.

ಐದನೆಯದು, ಹಳೆಯ ಕಾಗದಗಳನ್ನು ಜೋಪಾನ ಮಾಡಬೇಕು. 2006ರ ಅರಣ್ಯಹಕ್ಕು ಕಾನೂನಿನ ಪ್ರಕಾರ ಪರಿಶಿಷ್ಟ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿಯೇ ವಾಸವಿದ್ದುದನ್ನು ತೋರಿಸಬೇಕು. ಲೆಕ್ಕವು 1930ಕ್ಕೆ ಹೋಗುವುದು. ಆಗ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಟ್ಟದ ಮೇಲೆ ಬಿದ್ದಿರುವ ತಮಿಳಿನ ಅಥವಾ ಇಂಗ್ಲಿಷಿನ ಕಂದಾಯ ರಸೀತಿಯೊಂದು, ಓದಲು ಬಾರದೆಂದು ಒಲೆಗೆ ಹಾಕಿದರೆ, ಒಂದು ಸಂಸಾರದ ಹಕ್ಕೇ ಬೂದಿಯಾದೀತು.

10. ಮುಕ್ತಾಯ

ಯುವಕರು ಊರು ಬಿಡುವುದನ್ನು ಯಾವ ಯಜಮಾನರೂ ತಡೆಯಲಾರರು, ತಡೆಯಬೇಕಾದುದೂ ಇಲ್ಲ. ಆದರೆ ಹೋದವನಿಗೆ ಹಿಂದಿರುಗಲು ಉತ್ತ ಹೊಲವೂ, ಉಳಿದವನಿಗೆ ಬದುಕಲು ಸಾಕಾದ ಹುಟ್ಟುವಳಿಯೂ ಇರುವಂತೆ ನೋಡಿಕೊಳ್ಳುವುದು ಊರಿನವರ ಕೈಯಲ್ಲಿದೆ. ಬರುವ ಮಾಘದ ಬೆಳುದಿಂಗಳಲ್ಲಿ ಊರಿನ ಓದುಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು ಮೊದಲನೆಯ ಒಲೆಯಿಂದ ಪುಸ್ತಕವನ್ನು ಆರಂಭಿಸಿರಿ. ಆ ಮೊದಲನೆಯ ಒಲೆಯು ಯಜಮಾನರ ಮನೆಯದೇ ಆಗಿದ್ದರೆ ಉಳಿದವರು ಹಿಂದೆಗೆಯುವುದಿಲ್ಲ.